ಹಿರಿಯರ ಖಿನ್ನತೆ ಅಳೆಯುವಾಗ ‘ಬೇಜಾರು’ ಎಂಬ ಪದದ ಬಗ್ಗೆ ಎಚ್ಚರ

ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯಾದ ಜಿಡಿಎಸ್-15ರಲ್ಲಿ ಕೇಳುವುದು ಕಳೆದ ಒಂದು ವಾರದ ಬಗ್ಗೆ. ಉತ್ತರ ಹೌದು ಅಥವಾ ಇಲ್ಲ. 1, 5, 7, 11, 13ನೇ ಪ್ರಶ್ನೆಗಳಿಗೆ ‘ಇಲ್ಲ’ ಎಂದರೆ ಒಂದೊಂದು ಅಂಕ, ಉಳಿದ ಹತ್ತಕ್ಕೆ ‘ಹೌದು’ ಎಂದರೆ. ಇದು ತಿರುವುಮುರುವಾದರೆ ಮೊತ್ತವೇ ಕೆಡುತ್ತದೆ. ಸಾಮಾನ್ಯವಾಗಿ 5 ದಾಟಿದರೆ ವೈದ್ಯರ ಸಂದರ್ಶನ ಬೇಕು, ಅಂಕವೇ ರೋಗನಿರ್ಣಯವಲ್ಲ.

ನಿಜವಾದ ಕಷ್ಟ ಅನುವಾದದ್ದು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಮೂಲ ನೋಡದ ಮೂರನೆಯವರು ಇಂಗ್ಲಿಷಿಗೆ ಮರಳಿಸಲಿ. ಅದೂ ಸಾಲದು. 4ನೇ ಪ್ರಶ್ನೆಯ ‘ಬೋರ್’ ಅನ್ನು ‘ಬೇಜಾರು’ ಎಂದರೆ, ಹೊತ್ತು ಹೋಗದವರೂ ದುಃಖದಲ್ಲಿರುವವರೂ ‘ಹೌದು’ ಎನ್ನುತ್ತಾರೆ. ‘ಹೊತ್ತು ಹೋಗೋದಿಲ್ಲ ಅನ್ನಿಸುತ್ತಾ?’ ಎಂದು ಕೇಳಿ ನೋಡಿ. ಕೆಲವು ಹಿರಿಯರಿಗೆ ಓದಿ ಹೇಳಿ, ಅರ್ಥವನ್ನು ಅವರ ಮಾತಲ್ಲೇ ಹೇಳಿಸಿ.

9ನೇ ಪ್ರಶ್ನೆ ಮನೆಯಲ್ಲೇ ಇರುವುದು ಇಷ್ಟವೇ ಎನ್ನುತ್ತದೆ. ಮಂಡಿನೋವಿನ ತಾತ, ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿ ಇಬ್ಬರೂ ‘ಹೌದು’ ಅಂದಾರು. ಕಾರಣವನ್ನು ಪಕ್ಕದಲ್ಲಿ ಬರೆದಿಡಿ, ಅಂಕ ಮಾತ್ರ ಬದಲಿಸಬೇಡಿ. ಹೀಗಾಗಿಯೇ ಒಂದು ಸಮುದಾಯದ ಕಟ್-ಆಫ್ (ಗಡಿ ಅಂಕ) ಅನ್ನು ಇನ್ನೊಂದಕ್ಕೆ ಹಾಗೇ ಹಚ್ಚಬಾರದು. ಅಲ್ಲಿನ ಕ್ಲಿನಿಕಲ್ ಸಂದರ್ಶನದ ಜೊತೆ ಹೋಲಿಸಿ ನಿಗದಿಮಾಡಬೇಕು.

ಮಗ ಸೊಸೆ ಪಕ್ಕದಲ್ಲಿದ್ದರೆ ‘ಎಲ್ಲಾ ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು ಹೆಚ್ಚು. ಒಬ್ಬರೇ ಇರುವಾಗ, ಜೋರಾಗಿ ಓದಿ ಕೇಳಿ. ಎದೆ ಭಾರ, ನಿದ್ದೆಗೇಡಿನಂಥ ದೇಹದ ದೂರುಗಳನ್ನು ಈ ಮಾಪನ ಬೇಕೆಂದೇ ಬಿಟ್ಟಿದೆ. ನೋವನ್ನು ಮೈಯ ಮಾತಿನಲ್ಲೇ ಹೇಳುವವರು ಕಡಿಮೆ ಅಂಕ ಪಡೆದು ತಪ್ಪಿಹೋಗಬಹುದು. ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರ ಪ್ರಶ್ನೆಯೂ ಇಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿ. ‘ಹೌದು’ ಎಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416.