ದಾವೆ ವಜಾ ಆಯಿತೇ? ಮೇಲ್ಮನವಿಗೆ ಮುನ್ನ ನಿಯಮ ನೋಡಿ

ನ್ಯಾಯಾಲಯ ಶುಲ್ಕ ಕಡಿಮೆ ಬಿತ್ತು, ಸಮನ್ಸ್ ಜಾರಿಯ ಶುಲ್ಕ ಕಟ್ಟಲಿಲ್ಲ, ಸರ್ಕಾರಕ್ಕೆ ಮುಂಚಿತವಾಗಿ ನೋಟಿಸು ಕೊಡಲಿಲ್ಲ ಎಂಬಂತಹ ಕಾರಣಗಳಿಗೆ, ವಿವಾದದ ತಿರುಳನ್ನು ಮುಟ್ಟದೆಯೇ ಸಿವಿಲ್ ದಾವೆಗಳು ಮುಗಿದುಹೋಗುವುದುಂಟು. ಹಾಗಾದಾಗ ಗಾಬರಿಯಲ್ಲಿ ಮೇಲ್ಮನವಿಗೆ ಓಡುವ ಮೊದಲು, ನ್ಯಾಯಾಲಯವು ಸಿವಿಲ್ ಪ್ರಕ್ರಿಯಾ ಸಂಹಿತೆಯ ಯಾವ ನಿಯಮದಡಿ ಹಾಗೆ ಮಾಡಿದೆ ಎಂಬುದನ್ನು ಆದೇಶದ ಪ್ರತಿಯಲ್ಲೇ ಓದಿಕೊಳ್ಳಬೇಕು.

ಸಂಹಿತೆಯ 7ನೇ ಆದೇಶದ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯೊಳಗಿನ ನಿಯಮಗಳ ಗುಂಪು) 11ನೇ ನಿಯಮದಡಿ ವಾದಪತ್ರ, ಅಂದರೆ ದಾವೆ ಹೂಡುವ ಅರ್ಜಿ, ತಿರಸ್ಕೃತವಾಗಿದ್ದರೆ, 2(2)ನೇ ಕಲಮಿನ ಪ್ರಕಾರ ಅದು ಡಿಕ್ರಿಗೆ, ಅಂದರೆ ದಾವೆಯ ಹಕ್ಕುಗಳನ್ನು ತೀರ್ಮಾನಿಸುವ ನಿರ್ಣಯಕ್ಕೆ, ಸಮ. ಆದ್ದರಿಂದ 96ನೇ ಕಲಮಿನಡಿ ನೇರವಾಗಿ ಮೇಲ್ಮನವಿ ಸಲ್ಲಿಸಬಹುದು. ಸಮನ್ಸ್ ಶುಲ್ಕ ಕಟ್ಟದ ಕಾರಣಕ್ಕೆ 9ನೇ ಆದೇಶದ 2ನೇ ನಿಯಮದಡಿ ವಜಾ ಆಗಿದ್ದರೆ ದಾರಿಯೇ ಬೇರೆ. ಅದು ಡಿಕ್ರಿಯಲ್ಲ, 4ನೇ ನಿಯಮದಂತೆ ಅದೇ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮರುಸ್ಥಾಪನೆಯ (ವಜಾ ರದ್ದುಪಡಿಸಿ ದಾವೆಯನ್ನು ಮತ್ತೆ ನಡೆಸುವಂತೆ ಕೋರುವ) ಅರ್ಜಿ ಹಾಕಬೇಕು, ಇಲ್ಲವೇ ಕಾಲಮಿತಿ ಉಳಿದಿದ್ದರೆ ಹೊಸ ದಾವೆ ಹೂಡಬೇಕು. ವಾದಿ ಹಾಜರಾಗದೆ 8ನೇ ನಿಯಮದಡಿ ವಜಾ ಆಗಿದ್ದರೆ ಹೊಸ ದಾವೆಗೂ ಅವಕಾಶವಿಲ್ಲ. 9ನೇ ನಿಯಮದ ಮರುಸ್ಥಾಪನೆಯ ಅರ್ಜಿಯೊಂದೇ ಗತಿ, ಅದು ತಿರಸ್ಕೃತವಾದರೆ 43ನೇ ಆದೇಶದಡಿ ಮೇಲ್ಮನವಿ. ತಪ್ಪು ಬಾಗಿಲು ತಟ್ಟಿ ಕಳೆದ ತಿಂಗಳುಗಳಿಗೆ ಆಮೇಲೆ ಲೆಕ್ಕ ಕೊಡಬೇಕಾಗುತ್ತದೆ.

ಮೇಲ್ಮನವಿಯೇ ಸರಿಯಾದ ದಾರಿಯೆಂದು ಖಚಿತವಾದರೆ ಅಂದೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. 1963ರ ಕಾಲಪರಿಮಿತಿ ಕಾಯ್ದೆಯಂತೆ ಹೈಕೋರ್ಟಿಗಾದರೆ 90 ದಿನ, ಇತರ ಮೇಲ್ಮನವಿ ನ್ಯಾಯಾಲಯಕ್ಕಾದರೆ 30 ದಿನ ಗಡುವಿದ್ದು, ನಕಲು ಪಡೆಯಲು ತಗಲಿದ ಅವಧಿಯನ್ನು 12ನೇ ಕಲಮಿನಡಿ ಕಳೆಯಲಾಗುತ್ತದೆ. ಗಡುವು ಮೀರಿದ್ದರೆ ಮೇಲ್ಮನವಿಯ ಜೊತೆಗೇ, 5ನೇ ಕಲಮಿನಡಿ ವಿಳಂಬ ಮನ್ನಿಸುವಂತೆ ಕೋರುವ ಅರ್ಜಿಯನ್ನೂ ಪ್ರಮಾಣಪತ್ರವನ್ನೂ (ಅಫಿಡವಿಟ್) ಸಲ್ಲಿಸಬೇಕು. ‘ಅನಾರೋಗ್ಯದ ನಿಮಿತ್ತ’ ಎಂಬ ಒಂದು ಸಾಲಿಗಿಂತ ದಿನಾಂಕಸಹಿತವಾದ ವಿವರಣೆಗೇ ತೂಕ ಹೆಚ್ಚು.

ಇನ್ನು ಮೇಲ್ಮನವಿಯ ಆಧಾರಗಳನ್ನು ಬರೆಯುವುದು, ನಿಜವಾದ ಕೆಲಸವಿರುವುದು ಇಲ್ಲಿಯೇ. ಶುಲ್ಕದ ಕೊರತೆಗಾಗಿ ತಿರಸ್ಕರಿಸುವ ಮುನ್ನ ಅದನ್ನು ತುಂಬಲು ನ್ಯಾಯಾಲಯ ಕಾಲಾವಕಾಶ ಕೊಟ್ಟಿತ್ತೇ? 11ನೇ ನಿಯಮವೇ ಅದನ್ನು ಬಯಸುತ್ತದೆ; ಕೊಡದಿದ್ದರೆ ಅದೇ ಪ್ರಬಲ ಆಧಾರ. ಕೊಟ್ಟೂ ಕಟ್ಟದಿದ್ದರೆ, ಅಸಾಧಾರಣ ಸ್ವರೂಪದ ಕಾರಣ ತಡೆಯಿತೆಂದೂ ಅವಧಿ ವಿಸ್ತರಿಸದಿದ್ದರೆ ಘೋರ ಅನ್ಯಾಯವಾಗುತ್ತದೆಂದೂ ತೋರಿಸಬೇಕು. ಸಹಿ, ವಕಾಲತ್ತು ಮುಂತಾದ ದೋಷಗಳಿಗೆ 2005ರ ಉದಯಶಂಕರ್ ತ್ರಿಯಾರ್ ಪ್ರಕರಣ ನೆರವಾಗುತ್ತದೆ: ಸರಿಪಡಿಸಬಹುದಾದ ಕಾರ್ಯವಿಧಾನದ ಲೋಪ ಸಾಮಾನ್ಯವಾಗಿ ಮೂಲ ಹಕ್ಕನ್ನು ಸೋಲಿಸಬಾರದೆಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ. ಆದರೆ ಎಲ್ಲ ಲೋಪಗಳೂ ಅಂಥವಲ್ಲ. ವಾಣಿಜ್ಯ ದಾವೆಗೆ ಮುನ್ನ ಮಧ್ಯಸ್ಥಿಕೆಗೆ ಹೋಗಬೇಕೆಂಬ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮು, ತುರ್ತು ಪರಿಹಾರ ಕೋರದ ಪ್ರಕರಣಗಳಲ್ಲಿ ಕಡ್ಡಾಯವೆಂದು ಸುಪ್ರೀಂ ಕೋರ್ಟಿನ 2022ರ ಪಾಟೀಲ್ ಆಟೊಮೇಷನ್ ತೀರ್ಪು ಸಾರಿದೆ.

ಕೆಲವೊಮ್ಮೆ ಮೇಲ್ಮನವಿ ಹಾಕದಿರುವುದೇ ಜಾಣತನ. ತಿರಸ್ಕೃತ ವಾದಪತ್ರದ ಬದಲಿಗೆ, ಅದೇ ವ್ಯಾಜ್ಯಕಾರಣದ (ದಾವೆಗೆ ಕಾರಣವಾದ ಸಂಗತಿಗಳ) ಮೇಲೆ ಹೊಸದನ್ನು ಸಲ್ಲಿಸಲು 7ನೇ ಆದೇಶದ 13ನೇ ನಿಯಮ ಅಡ್ಡಿಪಡಿಸುವುದಿಲ್ಲ. ಸರ್ಕಾರಕ್ಕೆ 80ನೇ ಕಲಮಿನ ನೋಟಿಸು ಕೊಡದೇ ಸೋತವರು ನೋಟಿಸು ಕೊಟ್ಟು, ಎರಡು ತಿಂಗಳು ಕಾದು, ಹೊಸ ದಾವೆ ಹೂಡಿದರೆ ಬೇಗ ದಡ ಸೇರಬಹುದು. ಆ ನೋಟಿಸಿನ ಅವಧಿಯೂ ಕಾಲಮಿತಿಯ ಲೆಕ್ಕದಿಂದ ಹೊರಗುಳಿಯುತ್ತದೆ. ಮೂಲ ಕಾಲಮಿತಿ ಈಗಾಗಲೇ ತೀರಿದ್ದವರಿಗೆ ಮಾತ್ರ ಈ ಆಯ್ಕೆಯಿಲ್ಲ. ಅವರು ಮೇಲ್ಮನವಿಯ ಗಡುವನ್ನು ಒಂದು ದಿನವೂ ತಪ್ಪಿಸಬಾರದು.