ಪೈಪರ್ ಕಬ್: ಕೊಳ್ಳುವ ಮುನ್ನ, ಕೊಂಡ ಮೇಲೆ, ಹಾರುವಾಗ

ಪೈಪರ್ ಜೆ-3 ಕಬ್ ವಿಮಾನದ ನಿಜವಾದ ಸ್ಥಿತಿ ಅದರ ಹಳದಿ ಬಟ್ಟೆಯ ಒಳಗಿರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಾಕ್ ಹೇವನ್ ಊರಿನ ಕಾರ್ಖಾನೆ 1938ರಿಂದ 1947ರವರೆಗೆ ಈ ವಿಮಾನಗಳನ್ನು ತಯಾರಿಸಿತು. ಸೇನೆಗೆ ಹೋದವನ್ನೂ ಸೇರಿಸಿದರೆ ಲೆಕ್ಕ 20,000ದ ಹತ್ತಿರಕ್ಕೆ ಬರುತ್ತದೆ. ಅವುಗಳಲ್ಲಿ ತೀರಾ ಕಿರಿಯದಕ್ಕೂ ಮುಕ್ಕಾಲು ಶತಮಾನ ದಾಟಿದೆ. ಹಾರಿದ ಗಂಟೆಗಳು ಕಡಿಮೆ ಎಂದು ಹೇಳಿ ಮಾರುವವರಿದ್ದಾರೆ. ಇಷ್ಟು ಹಳೆಯ ವಿಮಾನವನ್ನು ಅಳೆಯಲು ಗಂಟೆಗಳ ಲೆಕ್ಕ ಸಾಲದು. ಅದು ಎಲ್ಲಿ ನಿಂತಿತ್ತು, ಎಷ್ಟು ವರ್ಷ ಸುಮ್ಮನೆ ನಿಂತಿತ್ತು, ಮಳೆನೀರು ಎಲ್ಲಿ ಸೇರಿಕೊಂಡಿತು ಎಂಬುದನ್ನು ಕೇಳಿ ತಿಳಿಯಬೇಕು.

ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ಕಬ್ ಇಟ್ಟುಕೊಳ್ಳುವವರಿಗೆ. ಆದರೂ ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಎಂಬ ಚಿಕ್ಕ ವಿಮಾನದ ಬಗ್ಗೆ ಆಸಕ್ತಿ ಇರುವವರಿಗೂ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಅದರಲ್ಲಿಯೂ ಬಟ್ಟೆಯ ಹೊದಿಕೆ, ಬಾಲದ ಚಕ್ರ, ಕಾಂಟಿನೆಂಟಲ್ ಕಂಪನಿಯ ಚಿಕ್ಕ ಎಂಜಿನ್ ಇವೆ.

ಕೊಳ್ಳುವ ಮುನ್ನ

ಮೊದಲು ಕಾಗದಪತ್ರ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗೆ ಒಕ್ಲಹೋಮಾ ಸಿಟಿಯಲ್ಲಿರುವ ದಾಖಲೆ ಕಚೇರಿಯಿಂದ ಆ ವಿಮಾನದ ಪೂರ್ತಿ ಕಡತ ತರಿಸಿಕೊಳ್ಳಿ. ದೊಡ್ಡ ರಿಪೇರಿ ಮತ್ತು ಮಾರ್ಪಾಡುಗಳಿಗೆ 337 ಎಂಬ ನಮೂನೆ ಇರುತ್ತದೆ. ವಿಮಾನದಲ್ಲಿ ಕಣ್ಣಿಗೆ ಕಾಣುವ ಮಾರ್ಪಾಡು ಒಂದೊಂದಕ್ಕೂ ಕಡತದಲ್ಲಿ ನಮೂನೆ ಇದೆಯೇ ನೋಡಿ. ಬೇರೆ ಎಂಜಿನ್, ರೆಕ್ಕೆಯಲ್ಲಿ ಹೆಚ್ಚುವರಿ ಇಂಧನ ಟ್ಯಾಂಕ್, ಬೇರೆ ಜಾತಿಯ ಬ್ರೇಕ್ ಹೀಗೆ ಯಾವುದಕ್ಕಾದರೂ ಕಾಗದ ಇಲ್ಲದಿದ್ದರೆ, ವಾರ್ಷಿಕ ತಪಾಸಣೆಯ ಹೊತ್ತಿಗೆ ಆ ತಲೆನೋವು ನಿಮ್ಮದಾಗುತ್ತದೆ. ರೆಕ್ಕೆ ರಿಪೇರಿಯ ನಮೂನೆಗಳು ಹೆಚ್ಚಿದ್ದರೆ ಬೇಸರಪಡಬೇಡಿ. ಇಷ್ಟು ಹಳೆಯ ಕಬ್ ಒಮ್ಮೆಯೂ ನೆಲದಲ್ಲಿ ಗಿರಕಿ ಹೊಡೆಯದೆ ಉಳಿದಿರುವುದು ಅಪರೂಪ. ರಿಪೇರಿ ಆಗಿದ್ದು ಕಾಗದದಲ್ಲಿ ಇದ್ದರೆ ಅದು ಒಳ್ಳೆಯ ಲಕ್ಷಣ.

ಆಮೇಲೆ ವಿಮಾನ. ತುಕ್ಕು ಹಿಡಿಯುವುದು ನೀರು ಇಳಿದು ನಿಲ್ಲುವ ಜಾಗಗಳಲ್ಲಿ. ಕಬ್ ಬಾಲ ಕೆಳಗೆ ಮಾಡಿಕೊಂಡು ನಿಲ್ಲುವುದರಿಂದ, ಒಡಲಿನ ತಳದ ಎರಡು ಉದ್ದ ಕೊಳವೆಗಳ ಹಿಂತುದಿಯೇ, ಅಂದರೆ ಬಾಲದ ಕಂಬಕ್ಕೆ ಅವು ಸೇರುವ ಜಾಗವೇ, ಮೊದಲು ಹಾಳಾಗುತ್ತದೆ. ಅಲ್ಲಿನ ಬಟ್ಟೆಯಲ್ಲಿ ತಪಾಸಣೆ ಕಿಂಡಿ ಇಲ್ಲದಿದ್ದರೆ ಒಂದನ್ನು ತೆಗೆಸಲು ಮಾಲೀಕರನ್ನು ಕೇಳಿ. ಒಪ್ಪದಿದ್ದರೆ ಆ ವಿಮಾನ ಬಿಟ್ಟುಬಿಡಿ. ಮೊನಚು ಉಳಿಯಿಂದ ಕೊಳವೆಯನ್ನು ಒತ್ತಿ ನೋಡಿ. ಗಟ್ಟಿ ಉಕ್ಕು ಒತ್ತಿದರೆ ಬಗ್ಗುವುದಿಲ್ಲ, ಒಳಗಿನಿಂದ ತಿಂದುಹೋದದ್ದು ಕುಸಿಯುತ್ತದೆ.

ರೆಕ್ಕೆಯನ್ನು ಎತ್ತಿ ಹಿಡಿಯುವ ಓರೆ ಸ್ಟ್ರಟ್‌ಗಳ ಕೆಳತುದಿಯಲ್ಲೂ ಇದೇ ಕಥೆ. ನೀರು ಒಳಗೆ ಇಳಿದು ಕೆಳಗೆ ಸೇರಿ, ಹೊರಗೆ ಬಣ್ಣ ಚೆನ್ನಾಗಿರುವಾಗಲೇ ಒಳಗೆ ಕೊಳವೆ ತೆಳ್ಳಗಾಗುತ್ತದೆ. ಹೀಗೆ ರೆಕ್ಕೆ ಕಳಚಿದ ಪ್ರಕರಣಗಳಿಂದಲೇ ಎಫ್‌ಎಎ ಸುರಕ್ಷತಾ ಆದೇಶ ಹೊರಡಿಸಿತು. ಹಳೆಯ, ತೆರೆದ ತುದಿಯ ಸ್ಟ್ರಟ್‌ಗಳನ್ನು 24 ತಿಂಗಳಿಗೊಮ್ಮೆ ಪರೀಕ್ಷಿಸಲೇಬೇಕು. ಎರಡೂ ತುದಿ ಬೆಸೆದು ಮುಚ್ಚಿದ ಹೊಸ ಸ್ಟ್ರಟ್‌ಗಳನ್ನು ಹಾಕಿಸಿದರೆ ಈ ಪದೇಪದೇ ಮಾಡುವ ಪರೀಕ್ಷೆ ತಪ್ಪುತ್ತದೆ. ಕೊಳ್ಳುವ ವಿಮಾನದಲ್ಲಿ ಅವು ಈಗಾಗಲೇ ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಬಹುದು. ಕೆಳತುದಿಯಲ್ಲಿ ತಿರುಪಿನಂತೆ ಕೂರುವ ಕವಲಿನ (ಫೋರ್ಕ್) ತಿರುಪು ಗೆರೆಗಳಲ್ಲಿ ಬಿರುಕು ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಮೊದಮೊದಲಿನ ಕಬ್‌ಗಳ ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಸಾಗುವ ಮುಖ್ಯ ತೊಲೆ, ಮರದ್ದು, ಆಮೇಲಿನವುಗಳದ್ದು ಅಲ್ಯೂಮಿನಿಯಂ. ಮರದ ಸ್ಪಾರ್ ಕೆಟ್ಟದ್ದೇನಲ್ಲ. ಆದರೆ ರೆಕ್ಕೆಯ ತುದಿ ಒಮ್ಮೆ ನೆಲಕ್ಕೆ ಬಡಿದಿದ್ದರೆ ಮರದ ನಾರಿಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ ಮೂಡಿರುತ್ತದೆ. ಸ್ಟ್ರಟ್ ಸೇರುವ ಜಾಗದ ಆಚೆ, ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳ) ಮೊಳೆಯ ಸುತ್ತ, ಬೆಳಕನ್ನು ಓರೆಯಾಗಿ ಬಿಟ್ಟು ಹುಡುಕಿ. ಆ ಗೆರೆ ಕಂಡರೆ ಸ್ಪಾರ್ ಬದಲಿಸಬೇಕು, ಬೇರೆ ದಾರಿಯಿಲ್ಲ. ರೆಕ್ಕೆಯ ಕಿಂಡಿ ತೆರೆದಾಗ ಮೂತ್ರದ ವಾಸನೆ ಬಂದರೆ ಇಲಿ ಗೂಡು ಕಟ್ಟಿದೆ ಎಂದರ್ಥ. ಇಲಿಯ ಮೂತ್ರ ಅಲ್ಯೂಮಿನಿಯಂ ರಿಬ್‌ಗಳನ್ನು ಪುಡಿಯಾಗುವಷ್ಟು ತಿನ್ನುತ್ತದೆ. ಬೋರೋಸ್ಕೋಪ್ (ಇಕ್ಕಟ್ಟಿನೊಳಗೆ ನೋಡುವ ಕೊಳವೆ ಕ್ಯಾಮೆರಾ) ಇಳಿಸಿ ಪೂರ್ತಿ ನೋಡದೆ ಬೆಲೆ ಮಾತಾಡಬೇಡಿ.

ಬಟ್ಟೆ ಪರೀಕ್ಷಿಸಲು ಸುಲಭದ ಉಪಾಯವೊಂದಿದೆ. ಹ್ಯಾಂಗರ್ ಕತ್ತಲು ಮಾಡಿ, ಹಿಂದಿನ ಸೀಟಿನ ಆಚೆ ಒಡಲೊಳಗೆ ಪ್ರಖರವಾದ ದೀಪ ಇಡಿ. ಬಟ್ಟೆಯ ಮೂಲಕ ಬೆಳಕು ಹೊರಬಂದರೆ ಬಣ್ಣದ ಕೆಳಗಿನ ಬೆಳ್ಳಿ ಲೇಪ ತೆಳ್ಳಗಿದೆ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವುದು ಅದೇ ಅಲ್ಯೂಮಿನಿಯಂ ಪುಡಿಯ ಲೇಪ. ಅದಿಲ್ಲದೆ ಪಾಲಿಯೆಸ್ಟರ್ ಬಟ್ಟೆಯೂ ಬಾಳುವುದಿಲ್ಲ. ಕಬ್‌ನಷ್ಟು ಹಗುರ ಭಾರದ ರೆಕ್ಕೆಗೆ ಬಟ್ಟೆಯ ಬಲ ಇಂಚಿಗೆ 46 ಪೌಂಡ್‌ಗಿಂತ ಕೆಳಗೆ ಇಳಿಯಬಾರದು. ಇಡೀ ವಿಮಾನಕ್ಕೆ ಹೊಸ ಬಟ್ಟೆ ಹೊದಿಸುವುದು ನೂರಾರು ಗಂಟೆಗಳ ಕೆಲಸ. ಹಾಗಾಗಿ ಬಟ್ಟೆಯ ವಯಸ್ಸನ್ನು ಬೆಲೆಯಲ್ಲಿ ಲೆಕ್ಕ ಹಾಕಿಯೇ ಮಾತಾಡಿ.

ಎಂಜಿನ್ ಕಾಂಟಿನೆಂಟಲ್ ಎ-65. ಶಕ್ತಿ 65 ಅಶ್ವಶಕ್ತಿ, ಪೂರ್ತಿ ಬಿಚ್ಚಿ ಜೋಡಿಸುವ ಅವಧಿ 1,800 ಗಂಟೆ. ಸಿಲಿಂಡರ್‌ಗಳಿಗೆ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಗಾಳಿ ಬಿಟ್ಟು ಮಾಡುವ ಒತ್ತಡ ಪರೀಕ್ಷೆಯಲ್ಲಿ 70ರ ಮೇಲೆ ಬಂದರೆ ನೆಮ್ಮದಿ. 60ಕ್ಕೆ ಇಳಿದರೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕಿವಿಗೊಟ್ಟು ಕೇಳಿ: ಸೈಲೆನ್ಸರ್ ಕೊಳವೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಎಣ್ಣೆ ತುಂಬುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್. ಮೊದಲನೆಯದು ಸಾಮಾನ್ಯ, ಒಂದು ಸಿಲಿಂಡರ್ ಬಿಚ್ಚಿದರೆ ಮುಗಿಯುತ್ತದೆ.

ಎಣ್ಣೆ, ಪೆಟ್ರೋಲ್, ತಂತಿ

ಎ-65ರಲ್ಲಿ ಎಣ್ಣೆ ಸೋಸಲು ಬಲೆಯೊಂದೇ ಇದೆ, ಫಿಲ್ಟರ್ ಇಲ್ಲ. ಆದ್ದರಿಂದ 25 ಗಂಟೆಗೊಮ್ಮೆ ಎಣ್ಣೆ ಬದಲಿಸಿ. ಹಿಡಿಯುವುದು 4 ಕ್ವಾರ್ಟ್, ಅಂದರೆ ಸುಮಾರು 3.8 ಲೀಟರ್. ಪ್ರತಿ ಸಲವೂ ಬಲೆ ತೆಗೆದು ಲೋಹದ ಚೂರು ಇದೆಯೇ ನೋಡಿ. ಹಳೆಯ ಎಣ್ಣೆ ಬಸಿದು ವಿಮಾನವನ್ನು ದಿನಗಟ್ಟಲೆ ಹಾಗೇ ಬಿಡಬೇಡಿ. ಎಣ್ಣೆ ಪಂಪ್ ಒಣಗಿ ಮತ್ತೆ ಎಳೆಯದೆ ಹೋಗುವುದು ಈ ಚಿಕ್ಕ ಕಾಂಟಿನೆಂಟಲ್‌ಗಳ ಹಳೆಯ ಚಾಳಿ. ಬಸಿದ ಕೂಡಲೇ ತುಂಬಿ, ಚಾಲೂ ಮಾಡಿದ 30 ಸೆಕೆಂಡಿನಲ್ಲಿ ಒತ್ತಡ ತೋರದಿದ್ದರೆ ತಕ್ಷಣ ನಿಲ್ಲಿಸಿ. ಹಾರುವಾಗ 30ರಿಂದ 40 ಪಿಎಸ್‌ಐ ಇರಬೇಕು, ನಿಧಾನ ಓಟದಲ್ಲಿ 10ಕ್ಕಿಂತ ಕಡಿಮೆ ಆಗಬಾರದು.

ಪೆಟ್ರೋಲ್ ಟ್ಯಾಂಕ್ ಮೂಗಿನಲ್ಲಿ, ಮೀಟರ್ ಫಲಕದ ಮುಂದೆ ಇದೆ. ಹಿಡಿಯುವುದು 12 ಗ್ಯಾಲನ್, ಸುಮಾರು 45 ಲೀಟರ್. ಗಂಟೆಗೆ ನಾಲ್ಕರಿಂದ ನಾಲ್ಕೂವರೆ ಗ್ಯಾಲನ್ ಕುಡಿಯುತ್ತದೆ. ಎರಡು ಗಂಟೆಯೊಳಗೆ ಇಳಿಯುವಂತೆ ಯೋಜಿಸಿ. ಮುಚ್ಚಳದ ಮೇಲೆ ನಿಂತಿರುವ ತಂತಿಯೇ ಇಂಧನ ಮಾಪಕ. ಅದರ ಕೆಳಗೆ ಕಾರ್ಕ್ ತೇಲುತ್ತಿರುತ್ತದೆ. ತಂತಿ ಬಾಗಿದ್ದರೆ ತೂತಿನಲ್ಲಿ ಸಿಕ್ಕಿಕೊಂಡು ಟ್ಯಾಂಕ್ ತುಂಬಿದೆ ಎಂದು ಸುಳ್ಳು ಹೇಳುತ್ತದೆ. ಕಾರ್ಕ್‌ನ ಲೇಪ ಕರಗಿ ಪೆಟ್ರೋಲ್ ಹೀರಿಕೊಂಡರೆ ಮುಳುಗಿ ಕಡಿಮೆ ತೋರಿಸುತ್ತದೆ. ಮುಚ್ಚಳದ ಗಾಳಿ ತೂತು ಮುಚ್ಚಿಹೋದರೆ ಇಂಧನ ಇಳಿಯುವುದು ನಿಂತು ಎಂಜಿನ್ ಸಾಯುತ್ತದೆ. ಕಳೆದುಹೋದ ಮುಚ್ಚಳದ ಬದಲು ಬೇರೆ ಯಾವುದೋ ಮುಚ್ಚಳ ಹಾಕಬೇಡಿ.

ಎ-65 ಕಡಿಮೆ ಆಕ್ಟೇನ್ ಪೆಟ್ರೋಲಿಗಾಗಿ ಮಾಡಿದ ಎಂಜಿನ್. ಇಂದಿನ ಸೀಸ ಬೆರೆತ ವಿಮಾನ ಪೆಟ್ರೋಲ್ 100ಎಲ್‌ಎಲ್ ಹಾಕಿದರೆ ಕೆಳಗಿನ ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸದ ಮಣಿಗಳು ಕಟ್ಟುತ್ತವೆ. 50 ಗಂಟೆಗೊಮ್ಮೆಯಾದರೂ ತೆಗೆದು ಶುಚಿಮಾಡಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿ. ಅನುಮತಿ ಪತ್ರ ಪಡೆದರೆ ಕಾರಿನ ಪೆಟ್ರೋಲ್ ಬಳಸಬಹುದು. ಎಥೆನಾಲ್ ಬೆರೆತದ್ದು ಮಾತ್ರ ಬೇಡವೇ ಬೇಡ.

ಕೈಯಿಂದ ಚಾಲೂ ಮಾಡುವುದು

ಕಬ್‌ನಲ್ಲಿ ಬ್ಯಾಟರಿಯೂ ಇಲ್ಲ, ಸ್ಟಾರ್ಟರೂ ಇಲ್ಲ. ಪ್ರೊಪೆಲರನ್ನು ಕೈಯಿಂದಲೇ ತಿರುಗಿಸಬೇಕು. ಜನ ಸತ್ತದ್ದು, ಕೈ ಕಳೆದುಕೊಂಡದ್ದು ಈ ಕೆಲಸದಲ್ಲೇ. ಆದ್ದರಿಂದ ಕಲಿಸಿಕೊಡುವವರ ಪಕ್ಕದಲ್ಲಿ ನಿಂತು ಕಲಿಯಿರಿ. ಕೆಳಗಿನದು ನೆನಪಿಗೆ ಮಾತ್ರ.

ಬಾಲಕ್ಕೆ ಹಗ್ಗ ಕಟ್ಟಿ, ಚಕ್ರಕ್ಕೆ ಅಡ್ಡೆ ಕೊಡಿ. ಬ್ರೇಕ್ ನಂಬಿ ಚಾಲೂ ಮಾಡಬೇಡಿ. ನೆಲದಲ್ಲಿ ಸಡಿಲ ಕಲ್ಲು, ಒದ್ದೆ ಹುಲ್ಲು, ಮಂಜು ಇದ್ದರೆ ವಿಮಾನವನ್ನು ಬೇರೆ ಜಾಗಕ್ಕೆ ತಳ್ಳಿ. ಶಾಲು, ಸಡಿಲ ತೋಳು, ಕೊರಳ ಸರ, ಉಂಗುರ ತೆಗೆದಿಡಿ. ಒಳಗೆ ಕೂರುವವರು ಕಬ್ ಹಾರಿಸಲು ಬಲ್ಲವರೇ ಆಗಿರಬೇಕು.

ಇಂಧನ ತೆರೆದು, ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿ ಕೊಡುವ ಯಂತ್ರ) ಆಫ್ ಇದೆ ಎಂದು ಒಳಗಿನವರಿಂದ ಬಾಯಿಬಿಟ್ಟು ಹೇಳಿಸಿ. ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಕೈಪಂಪನ್ನು (ಪ್ರೈಮರ್) ಮೂರು-ನಾಲ್ಕು ಸಲ ಒತ್ತಿ, ಬಿಸಿಯಿದ್ದರೆ ಬೇಡ. ಪ್ರೊಪೆಲರಿನ ನಾಲ್ಕರಿಂದ ಆರು ಎಲೆ ದಾಟುವಷ್ಟು ತಿರುಗಿಸಿ ಪೆಟ್ರೋಲನ್ನು ಒಳಗೆ ಎಳೆಸಿ. ಥ್ರಾಟಲ್ ಕೂದಲೆಳೆಯಷ್ಟು ಮಾತ್ರ ತೆರೆದಿರಲಿ. ಜಾಸ್ತಿ ತೆರೆದಿದ್ದರೆ ಚಾಲೂ ಆದ ಕೂಡಲೇ ವಿಮಾನ ನುಗ್ಗುತ್ತದೆ. ಆಮೇಲೆ ಮ್ಯಾಗ್ನೆಟೊ ಆನ್, ‘ಕಾಂಟ್ಯಾಕ್ಟ್’ ಎಂದು ಒಬ್ಬರು ಕೂಗಿ, ಇನ್ನೊಬ್ಬರು ಅದನ್ನೇ ಮರುನುಡಿದ ಮೇಲೆ ಎಳೆಯಿರಿ.

ಅಂಗೈ ಚಪ್ಪಟೆಯಾಗಿ ಎಲೆಯ ಮೇಲಿರಲಿ. ಬೆರಳುಗಳಿಂದ ಅಂಚನ್ನು ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಕೈಯೂ ಅದರ ಜೊತೆ ಹೋಗುತ್ತದೆ. ಎಳೆಯುವ ಚಲನೆಯೇ ನಿಮ್ಮನ್ನು ಪ್ರೊಪೆಲರಿನಿಂದ ದೂರ ಒಯ್ಯುವಂತಿರಬೇಕು. ಕಬ್‌ನಲ್ಲಿ ಬಲಗಡೆ, ಬಾಗಿಲ ಬಳಿ, ಪ್ರೊಪೆಲರಿನ ಹಿಂದೆ ನಿಂತೂ ಚಾಲೂ ಮಾಡಬಹುದು: ಎಡಗೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಕಾಲು ಬಲಚಕ್ರದ ಮುಂದೆ ಇರುತ್ತದೆ, ಬಲಗೈ ಎಲೆಯನ್ನು ಕೆಳಕ್ಕೆ ದೂಡುತ್ತದೆ. ಆ ಬದಿಯಲ್ಲಿ ಎಲೆ ಕೆಳಮುಖವಾಗಿಯೇ ಸಾಗುವುದರಿಂದ ಇದು ಸಲೀಸು. ಮ್ಯಾಗ್ನೆಟೊವನ್ನು ಕ್ಷಣಕಾಲ ತಡೆದು ಚಿಮ್ಮಿಸುವ ಸ್ಪ್ರಿಂಗ್ ಭಾಗ, ಇಂಪಲ್ಸ್ ಕಪ್ಲಿಂಗ್, ಟಕ್ ಎಂದು ಬಿಡುವ ಸದ್ದು ಕೇಳಬೇಕು. ಆ ಸದ್ದಿಲ್ಲದಿದ್ದರೆ ಎಷ್ಟು ಎಳೆದರೂ ಕಿಡಿ ಬರುವುದು ಕಷ್ಟ. ಎಣ್ಣೆ ಅಂಟಿ ಅದು ಸಿಕ್ಕಿಕೊಂಡಿರಬಹುದು.

ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಉಸಿರುಕಟ್ಟಿದರೆ ಮ್ಯಾಗ್ನೆಟೊ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಹತ್ತು ಎಲೆ ತಿರುಗಿಸಿ. ಮತ್ತೆ ಚಾಲೂ ಮಾಡುವ ಮೊದಲು ಥ್ರಾಟಲ್ ಮುಚ್ಚಿದ್ದನ್ನು ಇಬ್ಬರೂ ಕಣ್ಣಾರೆ ನೋಡಿ. ಇದನ್ನು ಮರೆತೇ ಎಷ್ಟೋ ಕಬ್‌ಗಳು ಯಾರೂ ಇಲ್ಲದೆ ಓಡಿಹೋಗಿವೆ.

ಸ್ವಿಚ್ ಆಫ್ ಇದ್ದರೂ ಪ್ರೊಪೆಲರ್ ಜೀವಂತ ಎಂದೇ ತಿಳಿಯಿರಿ. ಮ್ಯಾಗ್ನೆಟೊದ ಭೂಸಂಪರ್ಕದ ತಂತಿ ತುಂಡಾಗಿದ್ದರೆ ಸ್ವಿಚ್‌ಗೆ ಅರ್ಥವೇ ಇಲ್ಲ. ಪ್ರತಿ ಹಾರಾಟದ ಕೊನೆಗೆ ನಿಧಾನ ಓಟದಲ್ಲಿ ಒಂದು ಕ್ಷಣ ಸ್ವಿಚ್ ಆಫ್ ಮಾಡಿ. ಎಂಜಿನ್ ಸಾಯಲು ಹೊರಟರೆ ತಂತಿ ಸರಿಯಿದೆ.

ಹಾರುವುದು, ಅದಕ್ಕಿಂತ ಮುಖ್ಯವಾಗಿ ಇಳಿಯುವುದು

ಬಾಲದ ಚಕ್ರದ ವಿಮಾನ ಹಾರಿಸಲು ಪರವಾನಗಿಯ ಜೊತೆಗೆ ಬೋಧಕರ ಷರಾ ಲಾಗ್‌ಬುಕ್‌ನಲ್ಲಿ ಬೇಕು. ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು, ಮುಂದೆ ಕುಳಿತರೆ ತೂಕದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಗರಿಷ್ಠ ತೂಕ 1,220 ಪೌಂಡ್, ಖಾಲಿ ತೂಕ ಸುಮಾರು 765. ಟ್ಯಾಂಕ್ ತುಂಬಿದ ಮೇಲೆ ಇಬ್ಬರಿಗೂ ಸೇರಿ ಉಳಿಯುವುದು 175 ಕಿಲೋ ಆಸುಪಾಸು. ಬಹಳ ವಿಮಾನಗಳು ಸಲಕರಣೆ ಸೇರಿ ಇದಕ್ಕಿಂತ ಭಾರವಾಗಿವೆ, ನಿಮ್ಮ ವಿಮಾನದ ತೂಕಪತ್ರವನ್ನೇ ನೋಡಿ.

ಮ್ಯಾಗ್ನೆಟೊ ಪರೀಕ್ಷೆಯಲ್ಲಿ ಒಂದನ್ನು ಆಫ್ ಮಾಡಿದಾಗ ಇಳಿಕೆ 100 ಸುತ್ತು ಮೀರಬಾರದು. ಇಳಿಕೆಯೇ ಇಲ್ಲದಿದ್ದರೆ ಅದೂ ದೋಷವೇ, ಮೇಲೆ ಹೇಳಿದ ಭೂಸಂಪರ್ಕದ ತಂತಿ ನೋಡಿ. ಓಟ ಶುರುವಾಗಿ ಬಾಲ ಎದ್ದಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಲ ಪೆಡಲ್ ಸಿದ್ಧವಿರಲಿ. 55ರಿಂದ 60 ಮೈಲಿ ವೇಗದಲ್ಲಿ ಏರಿ, 75ರಲ್ಲಿ ಸಾಗಿ.

ಕಾರ್ಬುರೇಟರ್‌ನಲ್ಲಿ ಮಂಜು ಕಟ್ಟುವುದು ಕೊರೆಯುವ ಚಳಿಯಲ್ಲಿ ಮಾತ್ರ ಎಂದು ತಿಳಿಯಬೇಡಿ. ತೇವ ತುಂಬಿದ 15-20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲೇ ಅದು ಹೆಚ್ಚು. ಕಾರಣವಿಲ್ಲದೆ ಸುತ್ತು ಇಳಿಯಿತೆಂದರೆ ಬಿಸಿಗಾಳಿಯ ಗುಬುಟನ್ನು ಪೂರ್ತಿ ಎಳೆಯಿರಿ. ಕರಗಿದ ನೀರು ಒಳಗೆ ಹೋಗುವಾಗ ಎಂಜಿನ್ ಕೆಮ್ಮುತ್ತದೆ. ಹೆದರಿ ಗುಬುಟನ್ನು ವಾಪಸ್ ಒತ್ತಬೇಡಿ. ಇಳಿಯಲು ಥ್ರಾಟಲ್ ತಗ್ಗಿಸುವ ಮುಂಚೆಯೇ ಬಿಸಿಗಾಳಿ ಎಳೆಯುವುದು ಅಭ್ಯಾಸವಾಗಲಿ.

ಕಬ್‌ನಲ್ಲಿ ಫ್ಲಾಪ್ (ಇಳಿಯುವಾಗ ಕೆಳಕ್ಕೆ ಬಾಗಿಸುವ ರೆಕ್ಕೆಯ ಹಿಂಭಾಗ) ಇಲ್ಲದ ಕಾರಣ ಎತ್ತರ ಹೆಚ್ಚಿದ್ದರೆ ಪಕ್ಕಕ್ಕೆ ಜಾರಿಸಿ ಇಳಿಸಬೇಕು. ಕೊನೆಯ ದಾರಿಯಲ್ಲಿ 55ರಿಂದ 60 ಮೈಲಿ ಸಾಕು. ಐದು ಮೈಲಿ ಜಾಸ್ತಿ ತಂದರೂ ಕಬ್ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ. ನೆಲಕ್ಕೆ ಹತ್ತಿರ ಮಟ್ಟಸವಾಗಿ, ಸ್ಟಿಕ್ ಅನ್ನು ನಿಧಾನವಾಗಿ ಹಿಂದಕ್ಕೆ ತರುತ್ತಾ ಮೂರೂ ಚಕ್ರ ಒಟ್ಟಿಗೆ ಮುಟ್ಟಿಸಿ. ಮುಟ್ಟಿದ ಮೇಲೆ ಸ್ಟಿಕ್ ಹೊಟ್ಟೆಗೆ ತಾಗಿಯೇ ಇರಲಿ.

ಈಗಲೇ ಅಪಾಯ ಶುರು. ತೂಕದ ಕೇಂದ್ರ ಮುಂದಿನ ಚಕ್ರಗಳ ಹಿಂದೆ ಇದೆ. ಮೂಗು ಚೂರು ತಿರುಗಿದರೂ ಹಿಂದಿನ ಭಾರ ಮುಂದೆ ಬರಲು ನೂಕುತ್ತದೆ, ತಿರುವು ತಾನೇ ಬೆಳೆಯುತ್ತದೆ. ಪೆಡಲ್ ಮೇಲೆ ಕಾಲು ಸತತವಾಗಿ, ಚಿಕ್ಕಚಿಕ್ಕದಾಗಿ ಆಡುತ್ತಿರಬೇಕು. ಒತ್ತಿ, ಮೂಗು ನಿಂತ ಕೂಡಲೇ ಬಿಡಿ. ನೋಟ ರನ್‌ವೇಯ ಕೊನೆಯಲ್ಲಿರಲಿ, ಪಕ್ಕದಲ್ಲಿ ಅಲ್ಲ. ಗಾಳಿ ಬದಿಯಿಂದ ಬೀಸಿದರೆ ಸ್ಟಿಕ್ ಆ ಬದಿಗೆ ಇರಲಿ. ಹಿಮ್ಮಡಿಯಿಂದ ಒತ್ತುವ ಬ್ರೇಕ್‌ಗಳನ್ನು ಆಪತ್ತಿಗಷ್ಟೇ ಉಳಿಸಿಕೊಳ್ಳಿ.

ಬಾಲದ ಚಕ್ರ ಗಡಗಡ ನಡುಗಿದರೆ ಅದರ ತಿರುಗುಣಿಯನ್ನು ಬದಿಯಿಂದ ನೋಡಿ. ಮೇಲ್ತುದಿ ಮುಂದಕ್ಕೆ ವಾಲಿದ್ದರೆ ಪಟ್ಟಿ ಸ್ಪ್ರಿಂಗ್ ಸತ್ತು ಚಪ್ಪಟೆಯಾಗಿದೆ. ಸ್ಪ್ರಿಂಗ್ ಬದಲಿಸದೆ ಚಕ್ರವನ್ನೇ ಬದಲಿಸುತ್ತಾ ಹೋದರೆ ದುಡ್ಡು ದಂಡ. ಎಂಜಿನ್ ನಿಲ್ಲಿಸಿದ ಮೇಲೆ ಸ್ಟಿಕ್ ಅನ್ನು ಸೀಟ್ ಬೆಲ್ಟ್‌ನಿಂದ ಹಿಂದಕ್ಕೆ ಕಟ್ಟಿ, ಎರಡು ರೆಕ್ಕೆ ಮತ್ತು ಬಾಲಕ್ಕೆ ಹಗ್ಗ ಹಾಕಿ, ಇಂಧನದ ಕೀಲಿ ಮುಚ್ಚಿ.