ಬೆಂಗಳೂರು ಅಂತ ಹೇಳಿ ತುಮಕೂರಲ್ಲಿ ಇಳಿಸಿದರು

ಯುರೋಪಿನ ಬಂದರುಗಳನ್ನು ಸುತ್ತಿಸುವ ಪ್ರವಾಸಿ ಹಡಗಿಗೆ ಟಿಕೆಟ್ ಮಾಡಿಸಿದ್ದೆವು. ಹಡಗಿನವರು ಕಳಿಸಿದ್ದ ಪಟ್ಟಿಯಲ್ಲಿ ಐದನೇ ದಿನದ ಮುಂದೆ ದಪ್ಪ ಅಕ್ಷರದಲ್ಲಿ ‘ರೋಮ್’ ಅಂತಿತ್ತು. ಪಕ್ಕದಲ್ಲಿ ಇರುವೆಯಷ್ಟು ಚಿಕ್ಕದಾಗಿ ಇನ್ನೊಂದು ಹೆಸರು: ಚಿವಿತಾವೆಕ್ಕಿಯಾ. ಮ್ಯಾಪ್ ತೆಗೆದು ನೋಡಿದೆ. ಹಡಗು ನಿಲ್ಲೋದು ಅಲ್ಲಿ, ರೋಮ್ ಇರೋದು ಅಲ್ಲಿಂದ 70–80 ಕಿಲೋಮೀಟರ್ ಆಚೆ. ಬೆಂಗಳೂರು ತೋರಿಸ್ತೀವಿ ಬನ್ನಿ ಅಂತ ಕರಕೊಂಡು ಹೋಗಿ ತುಮಕೂರು ಬಸ್‌ಸ್ಟ್ಯಾಂಡಲ್ಲಿ ಇಳಿಸಿದ ಹಾಗೆ!

ನಾನು 26 ವರ್ಷ ತುಮಕೂರು–ಬೆಂಗಳೂರು ರೈಲಿನ ಪಾಸ್ ಇಟ್ಟುಕೊಂಡು ಓಡಾಡಿದವನು. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ಅಂತ ನಿದ್ದೆಗಣ್ಣಲ್ಲೂ ಸ್ಟೇಷನ್ ಹೇಳಬಲ್ಲೆ. ಆ ದೂರ ಎಂಥದ್ದು ಅಂತ ಗೊತ್ತು. ಚಿಕ್ಕಬಾಣಾವರ ದಾಟಿದ ಮೇಲೆ ಸಿಗ್ನಲ್ ಸಿಗದೆ ಗಾಡಿ ನಿಂತುಬಿಟ್ಟರೆ ಹೊಟ್ಟೆಯಲ್ಲಿ ಏನಾಗುತ್ತೆ ಅನ್ನೋದೂ ಗೊತ್ತು. ಆಫೀಸಿಗೆ ತಡವಾದರೆ ಅರ್ಧ ದಿನದ ರಜೆ ಹೋಗುತ್ತೆ. ಹಡಗಿಗೆ ತಡವಾದರೆ ಹಡಗೇ ಹೋಗುತ್ತೆ.

ಹೊರಟಿದ್ದು ನಾಲ್ಕು ಜನ. ನಾನು, ನನ್ನ ಹೆಂಡತಿ, ಗುಬ್ಬಿ ಹತ್ತಿರ ತೆಂಗು ಅಡಿಕೆ ನೋಡಿಕೊಂಡಿರುವ ಅಣ್ಣ, ಮತ್ತೆ ಅತ್ತಿಗೆ. ಅತ್ತಿಗೆಗೆ ಎರಡೂ ಮಂಡಿ ನೋವು. ಏಳು ರಾತ್ರಿಯ ಪ್ರಯಾಣ: ಬಾರ್ಸಿಲೋನಾದಲ್ಲಿ ಹತ್ತಿ ಮಾರ್ಸೇಲ್, ಜಿನೋವಾ, ಲಿವೋರ್ನೊ, ಚಿವಿತಾವೆಕ್ಕಿಯಾ, ನೇಪಲ್ಸ್, ಆಮೇಲೆ ಒಂದು ದಿನ ಪೂರ್ತಿ ಸಮುದ್ರ, ಮತ್ತೆ ಬಾರ್ಸಿಲೋನಾ. ಹಡಗಿನ ಟಿಕೆಟ್ ಮಗಳು ಮಾಡಿಸಿದಳು. ಪ್ರತಿ ಬಂದರಲ್ಲಿ ಇಳಿದು ಎಲ್ಲಿಗೆ ಹೋಗಬೇಕು ಅನ್ನೋ ತಲೆನೋವು ನನ್ನ ಪಾಲಿಗೆ ಬಂತು.

ಹಡಗಿನವರೇ ಮಾರುವ ಪ್ರವಾಸಗಳ ಪುಸ್ತಕ ತೆರೆದರೆ ಮದುವೆ ಮನೆ ಸೀರೆ ಅಂಗಡಿ ಹೊಕ್ಕ ಹಾಗಾಯ್ತು. ಒಂದೊಂದು ಊರಿಗೆ ಇಪ್ಪತ್ತು ಮೂವತ್ತು ಬಗೆ. ಮೊದಲ ಎರಡು ವಾರ ನಾನು ಮಾಡಿದ ತಪ್ಪು ಏನಂದರೆ, ಯಾವ ಜಾಗ ಚೆಂದ ಅಂತ ನೋಡುತ್ತಾ ಕೂತಿದ್ದು. ಎಲ್ಲವೂ ಚೆಂದವೇ. ಆಮೇಲೆ ಲೆಕ್ಕ ತಿರುಗಿಸಿದೆ. ವಾಪಸ್ ಬರೋ ದಾರಿ ಹಿಡಿದು ಆರಿಸೋಕೆ ಶುರು ಮಾಡಿದೆ. ಹಡಗಿನವರ ಪ್ರವಾಸ ತಗೊಂಡು, ಅವರ ಬಸ್ಸೇ ತಡವಾದರೆ ಹಡಗು ಕಾಯುತ್ತೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ ಅಂತ ನಮ್ಮ ಹಡಗಿನವರ ನಿಯಮಗಳಲ್ಲಿ ಸ್ಪಷ್ಟವಾಗಿತ್ತು. ನಾವೇ ಸ್ವಂತ ಹೋಗಿ ತಡವಾದರೆ ನಮ್ಮ ಹಣೆಬರಹ. ಅಂದಮೇಲೆ ಅವರು ತಗೊಳ್ಳೋ ಹೆಚ್ಚಿನ ದುಡ್ಡಲ್ಲಿ ಬಹುಪಾಲು ಹೊತ್ತಿಗೆ ಹಡಗು ಸೇರಿಸೋದಕ್ಕೆ ಕಟ್ಟೋ ವಿಮೆ ಕಂತು. ಆ ವಿಮೆ ಎಲ್ಲಿ ಬೇಕು, ಎಲ್ಲಿ ಬೇಡ?

ಅದಕ್ಕೆ ಒಂದು ಟ್ಯಾಕ್ಸಿ ಲೆಕ್ಕ ಇಟ್ಟುಕೊಂಡೆ. ರೈಲು ಕೈಕೊಟ್ಟರೆ ಟ್ಯಾಕ್ಸಿ ಹಿಡಿದು ಹೊತ್ತಿಗೆ ಸರಿಯಾಗಿ ಹಡಗು ಸೇರಬಹುದಾ? ಆ ಬಾಡಿಗೆ ತೆತ್ತ ಮೇಲೂ ಹಡಗಿನ ಪ್ರವಾಸಕ್ಕಿಂತ ಕಡಿಮೆ ಬೀಳುತ್ತಾ? ಎರಡಕ್ಕೂ ಹೌದು ಅಂದರೆ ಸ್ವಂತ. ಇಲ್ಲ ಅಂದರೆ ಅವರ ಬಸ್ಸು.

ಬಾರ್ಸಿಲೋನಾಗೆ ಹಡಗು ಹೊರಡುವ ಹಿಂದಿನ ದಿನವೇ ಹೋಗಿ ಇಳಿದೆವು. ವಿಮಾನ ತಡವಾಗೋದು ನಮ್ಮ ಕೈಲಿಲ್ಲ. ಸಗ್ರಾದಾ ಫಮಿಲಿಯಾ ಚರ್ಚಿಗೆ ಗಂಟೆ ಗೊತ್ತುಮಾಡಿದ ಟಿಕೆಟ್ ಊರಿಂದಲೇ ತಗೊಂಡಿದ್ದೆ. 1882ರಲ್ಲಿ ಶುರುವಾದ ಕಟ್ಟಡದಲ್ಲಿ ಈಗಲೂ ಕೆಲಸ ನಡೀತಿದೆ. ಅಣ್ಣ ತಲೆಯೆತ್ತಿ ನೋಡಿ, “ನಮ್ಮೂರ ಸಮುದಾಯ ಭವನಾನ ಇನ್ನು ಬೈಯಬಾರ್ದು ಕಣ್ಲಾ” ಅಂದ.

ಮಾರ್ಸೇಲಲ್ಲಿ ಹಡಗು ನಿಲ್ಲುವ ಜಾಗಕ್ಕೂ ಹಳೇ ಬಂದರಿಗೂ ಕೆಲವು ಕಿಲೋಮೀಟರ್ ಇದೆ. ಬಸ್ಸಲ್ಲಿ ಹೋದರೆ ಆಯ್ತು. ಊರೊಳಗೇ ಇರೋದರಿಂದ ವಿಮೆ ಬೇಕಿಲ್ಲ. ಹಳೇ ಬಂದರಿಂದ ಪ್ರವಾಸಿಗಳಿಗೆ ಅಂತಲೇ ಒಂದು ಪುಟ್ಟ ರೈಲು, ಅಂದರೆ ಟೈರಿನ ಮೇಲೆ ಓಡುವ ಡಬ್ಬಿಗಾಡಿ, ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚಿಗೆ ಹೋಗುತ್ತೆ. ಮಂಡಿನೋವಿಗೆ ಇದಕ್ಕಿಂತ ಬೇಕಾ? ಒಳಗೆ ಹೋದರೆ ಚಾವಣಿಯಿಂದ ಪುಟ್ಟಪುಟ್ಟ ಹಡಗುಗಳು ದಾರದಲ್ಲಿ ತೂಗಾಡುತ್ತಿವೆ. ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ನಾವಿಕರು ಒಪ್ಪಿಸಿದ್ದು. ನಾನು ವಿವರಿಸೋಕೆ ಬಾಯಿ ತೆಗೆಯುವ ಮೊದಲೇ ಅತ್ತಿಗೆ, “ಹರಕೆದು ಅಲ್ವೇನಪ್ಪ? ನಮ್ಮಲ್ಲಿ ತೊಟ್ಲು ಕಟ್ಟಲ್ವಾ, ಹಂಗೆ” ಅಂತ ಹೇಳಿ ಕೈಮುಗಿದರು. ಗೈಡ್ ಇದ್ದಿದ್ದರೆ ಇದನ್ನೇ ಹತ್ತು ನಿಮಿಷ ಹೇಳುತ್ತಿದ್ದ.

ಜಿನೋವಾದಲ್ಲಿ ಹಡಗಿಳಿದರೆ ಊರೇ. ಮುಖ್ಯ ರೈಲ್ವೆ ಸ್ಟೇಷನ್ನು ನಡೆದು ಹೋಗುವಷ್ಟು ಹತ್ತಿರ. ಆದರೂ ಹಡಗಿನಲ್ಲಿ ಬಹುತೇಕರು ಪೋರ್ತೊಫೀನೊ ಅನ್ನೋ ಚಿಕ್ಕ ಊರಿಗೆ ದುಬಾರಿ ಪ್ರವಾಸ ತಗೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದರು. ನಾವು ಹತ್ತು ಗಂಟೆಗೆ ನಿಧಾನಕ್ಕೆ ಇಳಿದು, ಎದುರು ಬದುರು ಮನೆಯವರು ಕೈಚಾಚಿದರೆ ಮುಟ್ಟುವಂಥ ಓಣಿಗಳಲ್ಲಿ ಅಡ್ಡಾಡಿದೆವು. ಕಾಸ್ತೆಲ್ಲೆತ್ತೊ ಅನ್ನೋ ಎತ್ತರದ ಬಡಾವಣೆಗೆ ಹೋಗೋಕೆ 1909ರಿಂದ ಓಡುತ್ತಿರುವ ಲಿಫ್ಟ್ ಇದೆ. ಮೇಲಿಂದ ಇಡೀ ಊರು, ಬಂದರು, ನಮ್ಮ ಹಡಗು ಕಾಣುತ್ತೆ. ಅಲ್ಲಿಂದ ಇಳಿದು ಬಂದು ಒಂದು ಅಂಗಡಿಯಲ್ಲಿ ಫರಿನಾತಾ ತಿಂದೆವು. ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ಗಾಡಿಚಕ್ರದಷ್ಟು ಅಗಲದ ತಾಮ್ರದ ತಟ್ಟೆಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಅತ್ತಿಗೆ ಬ್ಯಾಗಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡರು. ಅಂಗಡಿಯವನು ಬಂದು ನೋಡಿ, ತಾನೂ ಒಂದು ಚಿಟಿಕೆ ನಾಲಗೆಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಸಸ್ಯಾಹಾರಿಗಳು ಈ ಕಡಲತೀರದಲ್ಲಿ ಕಡಲೆ ಹಿಟ್ಟು ನಂಬಬಹುದು. ಮಾರ್ಸೇಲಲ್ಲಿ ಅದನ್ನೇ ಕರಿದು ಪಾನಿಸ್ ಅನ್ನುತ್ತಾರೆ, ಕೆಳಗೆ ಪಲೆರ್ಮೊಗೆ ಹೋದರೆ ಬನ್ನೊಳಗಿಟ್ಟು ಪನೆಲ್ಲೆ ಅನ್ನುತ್ತಾರೆ.

ಲಿವೋರ್ನೊ ಸ್ವಲ್ಪ ತಲೆ ತಿಂದಿತು. ಪಟ್ಟಿಯಲ್ಲಿ ಆ ದಿನಕ್ಕೆ ‘ಫ್ಲಾರೆನ್ಸ್/ಪೀಸಾ’ ಅಂತಿತ್ತು. ಫ್ಲಾರೆನ್ಸ್ ಹೆಚ್ಚುಕಮ್ಮಿ 90 ಕಿಲೋಮೀಟರ್, ಅಂದರೆ ನಮಗೆ ಅರಸೀಕೆರೆ. ಪೀಸಾ 20 ಚಿಲ್ಲರೆ, ಅಂದರೆ ಗುಬ್ಬಿ. ಒಂದೇ ದಿನದಲ್ಲಿ ಎರಡನ್ನೂ ತೋರಿಸುವ ಪ್ರವಾಸವೂ ಇತ್ತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಒಂದೇ ದಿನ ಮುಗಿಸುವ ಬಸ್ಸು ಹತ್ತಿದ ಅನುಭವ ಇರೋದರಿಂದ ಅದನ್ನು ಮೊದಲೇ ಹೊಡೆದುಹಾಕಿದೆ. ಫ್ಲಾರೆನ್ಸಿಗೆ ಇಡೀ ಒಂದು ವಾರ ಕೊಡಬೇಕು, ಮೂರು ಗಂಟೆ ಕೊಟ್ಟರೆ ಅವಮಾನ. ನಾನು ಮತ್ತೆ ಅಣ್ಣ ಪೀಸಾಗೆ, ಸ್ವಂತ. ಅತ್ತಿಗೆ ಮತ್ತೆ ನನ್ನ ಹೆಂಡತಿ ಹಡಗಿನಲ್ಲೇ ಉಳಿದರು. ಎಲ್ಲರೂ ಇಳಿದು ಹೋದ ದಿನ ಹಡಗು ಎಷ್ಟು ಸುಖ ಅಂತ ಅವರನ್ನೇ ಕೇಳಬೇಕು.

ಲಿವೋರ್ನೊ ಬಂದರಿನೊಳಗೆ ನಡೆದಾಡೋಕೆ ಬಿಡಲ್ಲ. ಬಸ್ಸು ಊರ ನಡುವಿನ ಚೌಕದಲ್ಲಿ ಇಳಿಸುತ್ತೆ, ಅಲ್ಲಿಂದ ಸಿಟಿ ಬಸ್ಸಲ್ಲಿ ಸ್ಟೇಷನ್ನು, ಅಲ್ಲಿಂದ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ರೈಲು. ತಲೆಗೆ ಮೂರು ಯೂರೋ ಆಸುಪಾಸು. ಅಲ್ಲಿನ ವಾಲುಗೋಪುರ 1990ರಲ್ಲಿ ಮುಚ್ಚಿ, ಹನ್ನೊಂದು ವರ್ಷ ಬುಡ ಭದ್ರ ಮಾಡಿ 2001ರಲ್ಲಿ ಮತ್ತೆ ತೆರೆದರು ಅಂತೆಲ್ಲ ನಾನು ಹೇಳುತ್ತಿದ್ದರೆ ಅಣ್ಣ ಸೊಂಟದ ಮೇಲೆ ಕೈಯಿಟ್ಟು, “ಇದಕ್ಕಿಂತ ವಾಲಿರೋ ತೆಂಗಿನಮರ ನಮ್ ತೋಟದಾಗೈತೆ. ಒಬ್ಬನೂ ನೋಡಕ್ ಬರಲ್ಲ” ಅಂದ. ಆದರೂ ಎಲ್ಲರ ಹಾಗೆ ಗೋಪುರಕ್ಕೆ ಕೈ ಕೊಟ್ಟು ಫೋಟೊ ತೆಗೆಸಿಕೊಂಡ.

ವಾಪಸ್ ಬರುವಾಗ ಸ್ಟೇಷನ್ ಬೋರ್ಡಿನಲ್ಲಿ ನಮ್ಮ ರೈಲಿನ ಮುಂದೆ ‘ರಿತಾರ್ದೊ 25’ ಅಂತ ಬಂತು. 25 ನಿಮಿಷ ತಡ. ಪರವಾಗಿಲ್ಲ. ಆಮೇಲೆ 40 ಆಯ್ತು. ಆಮೇಲೆ ‘ಕಾನ್ಚೆಲ್ಲಾತೊ’. ಇಟಾಲಿಯನ್ ಬರದಿದ್ದರೂ ಅದು ಅರ್ಥವಾಗುತ್ತೆ. ಅಣ್ಣನ ಮುಖ ಇಳೀತು. ಐದೂವರೆಗೆ ಹಡಗಿನೊಳಗಿರಬೇಕು, ಆಗ ಮೂರೂ ಮುಕ್ಕಾಲು. ಮುಂದಿನ ರೈಲು ಕಾಯುವ ಧೈರ್ಯ ಮಾಡದೆ ಹೊರಗೆ ಬಂದು ಟ್ಯಾಕ್ಸಿ ಹತ್ತಿದೆವು. ನಾಲ್ಕೂವರೆಗೆ ಹಡಗಿನ ಕೆಳಗಿದ್ದೆವು. ಬಾಡಿಗೆ ಕೊಡುವಾಗ ಕೈ ನಡುಗಿದ್ದು ನಿಜ, ಆದರೆ ಲೆಕ್ಕ ಹಾಕಿದರೆ ಇಬ್ಬರಿಗೆ ಹಡಗಿನ ಪ್ರವಾಸಕ್ಕಿಂತ ಇನ್ನೂ ಕಡಿಮೆಯೇ. ಇದೇ ರೈಲು ಫ್ಲಾರೆನ್ಸಲ್ಲಿ ರದ್ದಾಗಿದ್ದರೆ?

ರೋಮಿಗೆ ಅದಕ್ಕೇ ಹಡಗಿನ ಬಸ್ಸು. ಆದರೆ ಅದರಲ್ಲೂ ಒಂದು ಒಳದಾರಿ ಸಿಕ್ಕಿತು. ಪುಸ್ತಕದ ಕೊನೆಯಲ್ಲಿ ‘ರೋಮ್ ಆನ್ ಯುವರ್ ಓನ್’ ಅಂತ ಒಂದಿರುತ್ತೆ. ಗೈಡಿಲ್ಲ, ಊಟವಿಲ್ಲ, ಬರೀ ಬಸ್ಸು. ಊರೊಳಗೆ ಬಿಟ್ಟು ಹೊತ್ತಿಗೆ ವಾಪಸ್ ಕರಕೊಂಡು ಬರುತ್ತಾರೆ. ಬೆಲೆ ಗೈಡ್ ಇರುವ ಪ್ರವಾಸಕ್ಕಿಂತ ಎಷ್ಟೋ ಕಡಿಮೆ, ವಿಮೆ ಮಾತ್ರ ಅದೇ. (‘ಪನೋರಮಿಕ್’ ಅಂತ ಬರೆದಿದ್ದರೆ ಮಾತ್ರ ಹುಷಾರು. ಹೆಚ್ಚಿನದನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸಿ ತರುತ್ತಾರೆ.) ಹಡಗು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಅಂತ ಹಾಕಿದ್ದರು. ಹನ್ನೆರಡು ಗಂಟೆ ಅಂತ ಖುಷಿಪಡಬೇಡಿ. ಬಸ್ಸು ಬಿಟ್ಟಿದ್ದು ಎಂಟಕ್ಕೆ. ರೋಮಿನ ಹೊರಗೆ ಥೇಟ್ ಗೊರಗುಂಟೆಪಾಳ್ಯದ ಟ್ರಾಫಿಕ್ಕು. ಇಳಿದಾಗ ಒಂಬತ್ತೂ ಮುಕ್ಕಾಲು. ಮೂರೂವರೆಗೆ ಬಸ್ಸಿನ ಹತ್ತಿರ ಇರಬೇಕು. ಉಳಿದದ್ದು ಆರು ಗಂಟೆಗೂ ಕಡಿಮೆ.

ಅದರಲ್ಲೂ ನಾನು ಎಡವಿದೆ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೇದು ಬಿಟ್ಟು ಮಿಕ್ಕ ಭಾನುವಾರ ಮುಚ್ಚಿರುತ್ತೆ ಅಂತ ಓದಿ, ನಮ್ಮದು ಬುಧವಾರ ತಾನೇ ಅಂತ ನಿಶ್ಚಿಂತೆಯಿಂದಿದ್ದೆ. ಬುಧವಾರ ಬೆಳಿಗ್ಗೆ ಪೋಪ್ ಸಾರ್ವಜನಿಕರಿಗೆ ದರ್ಶನ ಕೊಡುವ ದಿನ. ಅದು ಮುಗಿಯೋವರೆಗೆ ಸಂತ ಪೀಟರ್ ಚರ್ಚಿನೊಳಗೆ ಬಿಡಲ್ಲ. ಚೌಕದ ತುಂಬ ಜನ, ದೂರದಲ್ಲಿ ಒಂದು ಬಿಳಿ ಚುಕ್ಕೆ. ಸಿದ್ಧಗಂಗೆ ಜಾತ್ರೆಯಲ್ಲಿ ತೇರು ಕಂಡಷ್ಟೂ ಕಾಣಲಿಲ್ಲ. ಅರ್ಧ ಗಂಟೆ ನಿಂತು ಪ್ಯಾಂಥಿಯಾನ್ ಅನ್ನೋ ಹಳೇ ರೋಮನ್ ದೇವಾಲಯದ ಕಡೆ ಹೊರಟೆವು. ಅದೇ ಒಳ್ಳೇದಾಯ್ತು. ಎರಡನೇ ಶತಮಾನದ್ದು, ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟ, ಅಡ್ಡಳತೆ 43 ಮೀಟರ್. ನೆತ್ತಿಯಲ್ಲಿ ತೆರೆದ ದುಂಡು ರಂಧ್ರ. ನಾವಿದ್ದಾಗ ಒಂದು ಹನಿ ಮಳೆ ಬಂದು ಆ ರಂಧ್ರದಿಂದ ನೇರ ನೆಲಕ್ಕೆ ಬಿತ್ತು. ಅತ್ತಿಗೆ ಒದ್ದೆ ಕಲ್ಲಿನ ಸುತ್ತ ಕಟ್ಟಿದ್ದ ಹಗ್ಗದ ಪಕ್ಕದ ಬೆಂಚಿನಲ್ಲಿ ಕೂತು ಮಳೆ ನಿಲ್ಲೋವರೆಗೂ ಅದನ್ನೇ ನೋಡಿದರು. ಕೊಲೋಸಿಯಂ ಹೊರಗಿಂದಷ್ಟೇ ಆಯ್ತು.

ನೇಪಲ್ಸ್ ವಿಷಯದಲ್ಲಿ ನನ್ನ ಲೆಕ್ಕ ನಾನೇ ಮೀರಿ ಏಟು ತಿಂದೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು ಪೊಂಪೇಯಿ ಅಲ್ಲಿಂದ ಸುಮಾರು 25 ಕಿಲೋಮೀಟರ್. ಲೋಕಲ್ ರೈಲಿದೆ, ಟ್ಯಾಕ್ಸಿ ಲೆಕ್ಕವೂ ಪಾಸು. ಆದರೆ ಪೀಸಾದ ಹೆದರಿಕೆ ಇಳಿದಿರಲಿಲ್ಲ. 2024ರ ನವೆಂಬರಿಂದ ಅಲ್ಲಿ ದಿನಕ್ಕೆ 20,000 ಜನ ಅಂತ ಮಿತಿ ಹಾಕಿ, ಟಿಕೆಟ್ಟಿನ ಮೇಲೆ ಹೆಸರು ನಮೂದಿಸುತ್ತಾರೆ ಅಂತ ಬೇರೆ ಓದಿದ್ದೆ. ನಾಲ್ಕೂ ಜನಕ್ಕೆ ಹಡಗಿನ ಪ್ರವಾಸ ಬರೆಸಿದೆ. ಪುಸ್ತಕದಲ್ಲಿ ನಡಿಗೆಯ ಕಷ್ಟ ತೋರಿಸೋಕೆ ಒಂದು ಮನುಷ್ಯನ ಚಿತ್ರ, ಎರಡು, ಮೂರು ಅಂತ ಇರುತ್ತೆ. ಇದಕ್ಕೆ ಎರಡಿತ್ತು. ಎರಡೇ ತಾನೇ ಅಂದುಕೊಂಡೆ. ಆ ಬೀದಿಗಳು ಎತ್ತರ ತಗ್ಗಿನ ಕಪ್ಪು ಚಪ್ಪಡಿ. ರಸ್ತೆ ದಾಟೋಕೆ ಮೊಣಕಾಲೆತ್ತರದ ದಿಮ್ಮಿಗಲ್ಲು. ನಲವತ್ತು ಜನದ ಗುಂಪು, ಮುಂದೆ ಕೋಲಿಗೆ ಬಾವುಟ ಕಟ್ಟಿದ ಗೈಡು, ಯಾರಿಗೂ ನಿಲ್ಲಲ್ಲ. ಅತ್ತಿಗೆ ಚೌಕದ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನ್ನ ಹೆಂಡತಿ ಜೊತೆಗೆ ಕೂತಳು.

ಅಣ್ಣ ಮಾತ್ರ ಅಲ್ಲಿ ಬೇರೆ ಮನುಷ್ಯ. ಚಪ್ಪಡಿಯಲ್ಲಿ ಸವೆದು ಆಳವಾಗಿದ್ದ ಗಾಡಿಚಕ್ರದ ಜಾಡಿಗೆ ಗೇಣು ಹಾಕಿ ಅಳೆದ. ಒಂದು ಜಾಡಿಂದ ಇನ್ನೊಂದಕ್ಕೆ ಹೆಜ್ಜೆ ಇಟ್ಟು ನೋಡಿದ. “ನಮ್ಮಪ್ಪನ ಗಾಡಿ ಇದ್ರೊಳಗೆ ಹೋಗ್ತಿತ್ತು ಕಣ್ಲಾ.” ಮುಂದೆ ಕಲ್ಲಿನ ಕಟ್ಟೆಯಲ್ಲಿ ಗುಡಾಣ ಹುದುಗಿಸಿದ್ದ ಅಡುಗೆ ಅಂಗಡಿ ನೋಡಿ, “ಹೋಟ್ಲು” ಅಂದ, ಅನುಮಾನವೇ ಇಲ್ಲದೆ. ಕ್ರಿ.ಶ. 79ರಲ್ಲಿ ಬೂದಿ ಬೀಳುವವರೆಗೂ ಅದು ಹೋಟ್ಲೇ ಆಗಿತ್ತು. ಅವನನ್ನು ಅಲ್ಲಿ ಇನ್ನೊಂದು ಗಂಟೆ ಬಿಟ್ಟಿದ್ದರೆ ಸಾಕಿತ್ತು. ಗೈಡು ಗಡಿಯಾರ ತೋರಿಸಿದ. ಬಸ್ಸು ಹೋಗಿ ನಿಂತಿದ್ದು ಚಿಪ್ಪಿನಲ್ಲಿ ಮುಖ ಕೆತ್ತುವ ಒಡವೆ ಅಂಗಡಿಯ ಮುಂದೆ. ನಲವತ್ತು ನಿಮಿಷ. ಪುಸ್ತಕದಲ್ಲಿ ‘ಕುಶಲಕರ್ಮಿಗಳ ಭೇಟಿ’ ಅಂತ ಇದ್ದದ್ದು ಇದು! ಮೈಸೂರು ನೋಡೋಕೆ ಹೋದವರನ್ನು ರೇಷ್ಮೆ ಅಂಗಡಿಗೆ ನುಗ್ಗಿಸುವುದನ್ನು ಕಂಡ ನನಗೆ ಮೊದಲೇ ಹೊಳೆಯಬೇಕಿತ್ತು.

ಸಮುದ್ರದ ಮೇಲಿನ ದಿನ ಡೆಕ್ಕಿನಲ್ಲಿ ಕೂತು, ತಂಗಿಯ ಮಗನಿಗೆ ಅಂತ ಹಳೇ ಪಟ್ಟಿಯ ಮೇಲೆ ಪೆನ್ಸಿಲಲ್ಲಿ ಬರೆದೆ. ಅವನು ಮುಂದಿನ ವರ್ಷ ಗ್ರೀಸ್ ಕಡೆ ಹೋಗುವವನು. ಅಲ್ಲಿ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದೆ, ಹಡಗಿನ ಗಂಟೆ ಯಾವುದು ಅಂತ ಕೇಳಿಕೋ ಅಂತ ಬರೆದೆ. ಸಾಂಟೊರಿನಿಯಂಥ ಕಡೆ ಹಡಗು ಸಮುದ್ರದ ನಡುವೆ ನಿಂತು ದೋಣಿಯಲ್ಲಿ ಇಳಿಸುತ್ತಾರೆ, ಅವರ ಪ್ರವಾಸ ತಗೊಂಡವರಿಗೆ ಮೊದಲ ದೋಣಿ ಅಂತಲೂ ಬರೆದೆ.

ನೇಪಲ್ಸ್ ಮುಂದೆ ಏನು ಬರೆಯೋದು ಅಂತ ಫೋನಿನಲ್ಲಿ ಹುಡುಕುತ್ತಿದ್ದಾಗ ಒಂದು ಚಿತ್ರ ಬಂತು. ದಂತದ ಪುಟ್ಟ ಗೊಂಬೆ, ಒಂದು ಗೇಣಿಗಿಂತ ತುಸು ಎತ್ತರ, ಕಾಲ್ಗಡಗ, ಕೈತುಂಬ ಬಳೆ. ನಮ್ಮ ದೇಶದಲ್ಲಿ ಕೆತ್ತಿದ್ದು, 1938ರಲ್ಲಿ ಪೊಂಪೇಯಿಯಲ್ಲಿ ಸಿಕ್ಕಿದ್ದು. ಮೊದಲು ಲಕ್ಷ್ಮಿ ಅಂದರು, ಆಮೇಲೆ ಯಕ್ಷಿ ಇರಬೇಕು ಅಂದರು. ಪೊಂಪೇಯಿಯ ಒಳ್ಳೊಳ್ಳೇ ಸಾಮಾನೆಲ್ಲ ಇರುವ ನೇಪಲ್ಸ್ ಮ್ಯೂಸಿಯಂನಲ್ಲೇ ಇವಳೂ ಇದ್ದಾಳೆ.

ಅತ್ತಿಗೆ ಫೋನು ಇಸ್ಕೊಂಡು ತುಂಬ ಹೊತ್ತು ನೋಡಿದರು. “ಹಡಗಿಂದ ಎಷ್ಟು ದೂರ?”

“ಎರಡು ಕಿಲೋಮೀಟರ್ ಆಗಬಹುದು.”

“ನೆಲ ಸಮ ಇರ್ತಿತ್ತಲ್ಲಪ್ಪ.”

ಪೆನ್ಸಿಲ್ ತಗೊಂಡು ಬರೆದೆ: ಮ್ಯೂಸಿಯಂಗೆ ಮಂಗಳವಾರ ರಜೆ. ನಾವು ಹೋಗಿದ್ದು ಗುರುವಾರ.